ಒಣಗದ ಶಿವನಪ್ಪ

ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಲ್ಲವ್ವನ ಖಾನಾವಳಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ರೊಟ್ಟಿ ಬಡಿಯುವ ಸಪ್ಪಳದ ಜಾಡು ಹಿಡಿದು ಹೋದರೆ ಸಾಕು. ಐವತ್ತೇಳು ವರ್ಷದ ಕಲ್ಲವ್ವ ಮೂವತ್ತು ವರ್ಷದಿಂದ ಅಲ್ಲೇ ಕೂತು ಬಡಿಯುತ್ತಿದ್ದಾಳೆ. ಆಕೆಯ ಎಣ್ಣೆಗಾಯಿ ತಿಂದವರು ಎರಡು ಸಲ ಸಾಬೂನು ಹಚ್ಚದೆ ಕೈ ಸ್ವಚ್ಛವಾಗುವುದಿಲ್ಲ, ಎಣ್ಣೆಯ ವಿಷಯದಲ್ಲಿ ಅಷ್ಟು ಧಾರಾಳಿ.

ಇಂಥ ಕಲ್ಲವ್ವನಿಗೆ ಒಂದೇ ಕೊರಗು. ಬೆಳಗ್ಗೆ ಐದಕ್ಕೆದ್ದು ಮಾಡಿದ್ದೆಲ್ಲ ಮಧ್ಯಾಹ್ನ ಎರಡರ ಹೊತ್ತಿಗೆ ಗಿರಾಕಿಗಳ ಹೊಟ್ಟೆಯೊಳಗೆ. ಇದು ನಾನು ಮಾಡಿದ್ದು ಅಂತ ತೋರಿಸಲಿಕ್ಕೆ ಮೂವತ್ತು ವರ್ಷದಲ್ಲಿ ಒಂದು ರೊಟ್ಟಿ ಚೂರೂ ಉಳಿದಿಲ್ಲ. ಹಾಗಾಗಿ, ದಿನಾ ಊಟಕ್ಕೆ ಬರುವ ಪ್ರಬುದ್ಧ ಎಂಬ ಚಿತ್ರಕಲೆ ಮಾಸ್ತರ, ಗಜೇಂದ್ರಗಡದಲ್ಲಿ ರವಿವಾರಕ್ಕೊಮ್ಮೆ ಆಯಿಲ್ ಪೇಂಟಿಂಗ್ ಕ್ಲಾಸು ಶುರು ಮಾಡುತ್ತೇನೆ, ಕೊನೆಗೆ ಎಲ್ಲರ ಚಿತ್ರವನ್ನೂ ಒಂದು ಹಾಲಿನ ಗೋಡೆಗೆ ತೂಗುಹಾಕುತ್ತೇನೆ ಅಂದಾಗ, ಆಕೆ ಕೇಳಿದ್ದು ಒಂದೇ ಪ್ರಶ್ನೆ. ತೂಗುಹಾಕಿದ್ದನ್ನು ಯಾರೂ ತಿನ್ನೋದಿಲ್ಲವಲ್ಲ? ಇಲ್ಲ ಅಂದ ಮಾಸ್ತರ. ಆಕೆ ಅಲ್ಲೇ ಹೆಸರು ಬರೆಸಿದಳು.

ಬಣ್ಣದ ಟ್ಯೂಬು, ಬ್ರಷ್ಷು ಹುಬ್ಬಳ್ಳಿಯಿಂದ ಮಾಸ್ತರೇ ತರುವವನಿದ್ದ. ಉಳಿದ ಸಾಮಾನು ಅವರವರೇ ಹೊಂದಿಸಿಕೊಳ್ಳಬೇಕು. ಬಣ್ಣ ಕಲಸಲಿಕ್ಕೆ ತಟ್ಟೆ ಅಂತ ಪಟ್ಟಿಯಲ್ಲಿತ್ತು. ಕಲ್ಲವ್ವ ಪಲ್ಯ, ಸಾರು, ಮೊಸರಿಗೆ ಬೇರೆಬೇರೆ ಕುಳಿ ಇರುವ ಊಟದ ತಾಟು ಒಯ್ದಳು. ಅದನ್ನು ನೋಡಿ ಕ್ಲಾಸಿನ ಕಾಲೇಜು ಹುಡುಗಿಯರೆಲ್ಲ ನಮಗೂ ಒಂದೊಂದು ಕೊಡ್ರಿ ಅಂತ ಗಂಟುಬಿದ್ದರು. ಅಗಸಿ ಎಣ್ಣೆ ಅಂತಲೂ ಇತ್ತು. ಮಾಸ್ತರ ಹೇಳಿದ್ದು ಒಂದು ಸಣ್ಣ ಬಾಟಲಿ, ಆಕೆ ಗಾಣಕ್ಕೆ ಹೋಗಿ ಕ್ಯಾನು ತುಂಬಿಸಿಕೊಂಡು ಬಂದಳು. ಟರ್ಪೆಂಟೈನ್ ತಂದಿಟ್ಟರೆ ಅರ್ಧ ಬಾಟಲಿಯನ್ನು ಗಂಡ ಶಿವನಪ್ಪ ಮೊಣಕಾಲಿಗೆ ತಿಕ್ಕಿಕೊಂಡು, ಚಿತ್ರಕಲೆಯಿಂದ ಉಪಯೋಗವಿದೆ ಅಂತ ಒಪ್ಪಿಕೊಂಡ.

ತಾಪತ್ರಯವಾದದ್ದು ಕ್ಯಾನ್ವಾಸಿಗೆ. ಗಾದಿ ಹೊಲಿಯುವ ಅಬ್ದುಲಮಜೀದನ ಹತ್ತಿರ ಬಿಗಿ ನೇಯ್ಗೆಯ ಬಿಳಿ ಅರಿವೆ ಇತ್ತು. ಕಟ್ಟಿಗೆ ಚೌಕಟ್ಟಿಗೆ ಇದನ್ನು ಬಿಗಿದು ಕೊಡು ಅಂದಳು. ಅವನು ಚೌಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇಷ್ಟ ತೆಳ್ಳಗ ಮಾಡಿದ್ರ ಮಕ್ಕೊಂಡವ್ರ ಬೆನ್ನಿಗೆ ಒತ್ತತೈತ್ರಿ ಅಕ್ಕಾರ."

"ಇದರ ಮ್ಯಾಲೆ ಯಾರೂ ಮಕ್ಕೊಳ್ಳೂದಿಲ್ಲ ಮಜೀದಣ್ಣ."

ಅವನು ಹೂಂ ಅಂದ. ಆದರೆ ಮೂರು ತಲೆಮಾರಿನ ಕೈ ಕೇಳಬೇಕಲ್ಲ. ಅರಿವೆ ಎರಡು ಪದರು ಮಾಡಿ, ನಡುವೆ ಬೆರಳು ದಪ್ಪ ಹತ್ತಿ ತುಂಬಿ, ನಾಲ್ಕು ಕಡೆ ಹೊಲಿಗೆಯ ಟಾಕು ಹಾಕಿ ಕೊಟ್ಟ. ಕ್ಲಾಸಿನಲ್ಲಿ ಬ್ರಷ್ ಊರಿದರೆ ಬ್ರಷ್ಷೇ ಒಳಗೆ ಹೋಯಿತು. ಮಾಸ್ತರ ಬಂದು ಅಂಗೈಯಿಂದ ಒತ್ತಿ ನೋಡಿ, ತಲೆದಿಂಬು ಚಲೋ ಆಗೇದ ಅಂದ. ಆ ರವಿವಾರ ಪೂರ್ತಿ ಹತ್ತಿ ಕೀಳುವುದರಲ್ಲೇ ಮುಗಿಯಿತು.

ಯಾರ ಚಿತ್ರ ತೆಗೆಯುವುದು? ಕಲ್ಲವ್ವ ಗಂಡನನ್ನೇ ಆರಿಸಿದಳು, ಪ್ರೀತಿಗಿಂತ ಅನುಕೂಲ ನೋಡಿ. ಶಿವನಪ್ಪ ಯಾವಾಗಲೂ ಕೂತೇ ಇರುತ್ತಿದ್ದ. ಊಟ ಮಾಡಿ, ಮನೆಯ ಮುಂದೆ ಪ್ಲಾಸ್ಟಿಕ್ ಖುರ್ಚಿಯಲ್ಲಿ ನೆಟ್ಟಗೆ ಕೂತರೆ ಸಂಜೆಯ ಚಹಾದವರೆಗೆ ಅಲುಗಾಡುವವನಲ್ಲ. ಗೊತ್ತಿದ್ದದ್ದನ್ನಲ್ಲ, ಕಂಡದ್ದನ್ನು ಬರೆಯಬೇಕು ಅಂತ ಮಾಸ್ತರ ಪಾಠ ಮಾಡಿದ್ದ. ಆಕೆಗೆ ಕಂಡದ್ದು ಹಣೆತುಂಬ ವಿಭೂತಿ, ದಪ್ಪ ಮೀಸೆ, ತೊಡೆಯ ಮೇಲೆ ಜೋಡಿಸಿದ ಕೈ, ಮುಚ್ಚಿದ ಕಣ್ಣು. ಹೇಳಿದ ಪಾಠದಂತೆ ಎಲ್ಲವನ್ನೂ ಹಾಗೇ ಬರೆದಳು. ಒಂದು ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಬಣ್ಣಕ್ಕೆ ಎರಡೇ ಹನಿ ಎಣ್ಣೆ, ಹೆಚ್ಚಾದರೆ ಒಣಗುವುದಿಲ್ಲ ಅಂದಿದ್ದ ಮಾಸ್ತರ. ಎರಡು ಹನಿಯಲ್ಲಿ ಏನೂ ಬೇಯುವುದಿಲ್ಲ ಅಂತ ಕಲ್ಲವ್ವ ಒಗ್ಗರಣೆಯ ಲೆಕ್ಕದಲ್ಲಿ ಸುರಿದಳು.

ಚಿತ್ರ ಚಂದ ಬಂತು, ಸುಳ್ಳಲ್ಲ. ಮಾಸ್ತರ ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ನೋಡಿದ. ಆಮೇಲೆ ಬೆರಳು ತಾಗಿಸಿ ನೋಡಿದರೆ ಬೆರಳು ಜಾರಿತು. ಹೋದ ವರ್ಷ ಬೇರೊಂದು ಪ್ರದರ್ಶನದಲ್ಲಿ ಯಾರದೋ ಹಸೀ ಚಿತ್ರ ಅತಿಥಿಯೊಬ್ಬರ ಬಿಳಿ ಸೀರೆಗೆ ಹತ್ತಿ ರಂಪವಾಗಿತ್ತಂತೆ. ಒಣಗದ ಚಿತ್ರವನ್ನು ಹಾಲಿನೊಳಗೆ ಬಿಡುವುದೇ ಇಲ್ಲ ಅಂತ ಅವನು ಕಡ್ಡಿ ಮುರಿದಂತೆ ಹೇಳಿದ. ಪ್ರದರ್ಶನಕ್ಕೆ ಮೂರು ವಾರ ಉಳಿದಿತ್ತು.

ಎಲ್ಲಿ ಒಣಗಿಸುವುದು? ಮನೆಯದು ಮಣ್ಣಿನ ಮಾಳಿಗೆ, ದಿನಾ ಹಿಡಿ ಮಣ್ಣು ಉದುರುತ್ತದೆ. ಅಡುಗೆ ಕೋಣೆಯಲ್ಲಿ ಹೊಗೆ. ಗಾಳಿ ಆಡುವ, ಧೂಳು ಬೀಳದ, ಮೇಲೆ ಫ್ಯಾನು ತಿರುಗುವ ಜಾಗ ಅಂದರೆ ಖಾನಾವಳಿಯ ಮುಖ್ಯ ಗೋಡೆಯೊಂದೇ. ಬಾಗಿಲಿಗೆ ಎದುರಾಗಿ ಮೊಳೆ ಹೊಡೆದು ಶಿವನಪ್ಪನನ್ನು ನೇತುಹಾಕಿದಳು.

ಈಗ ನೀವೇ ಹೇಳಿ. ನಮ್ಮ ಕಡೆ ಮನುಷ್ಯನ ಅಷ್ಟು ದೊಡ್ಡ ಪಟ ಗೋಡೆ ಏರುವುದು ಯಾವಾಗ? ಅದೂ ಅಲ್ಲದೆ, ಮನುಷ್ಯನಿಗೆ ವಿಭೂತಿ ಹಚ್ಚಿ, ಕಣ್ಣು ಮುಚ್ಚಿಸಿ, ನೆಟ್ಟಗೆ ಕೂರಿಸುವುದು ಜೀವನದಲ್ಲಿ ಎಷ್ಟು ಸಲ?

ಪುರ್ತಗೇರಿಯ ರೈತನೊಬ್ಬ ಮೊದಲು ನೋಡಿದವನು. ತುತ್ತು ಬಾಯಲ್ಲೇ ಉಳಿಯಿತು. ಯಾವಾಗ ಆಯಿತು ಅಂತ ಮೆಲ್ಲಗೆ ಕೇಳಿದ. ಚಿತ್ರದ ಗುಂಗಿನಲ್ಲಿದ್ದ ಕಲ್ಲವ್ವ ಹೋದ ರವಿವಾರ ಅಂದಳು. ಅವನು ಎರಡನೇ ರೊಟ್ಟಿ ಬೇಡವೆಂದು ಕೈ ಮುಗಿದು ಹೋದ. ಮರುದಿನ ಆಕೆ ಒಳಗಿದ್ದಾಗ ಯಾರೋ ಚೆಂಡು ಹೂವಿನ ಹಾರ ಹಾಕಿದರು. ಎಸಳೆಲ್ಲ ಅಂಗಿಯ ಬಣ್ಣಕ್ಕೆ ಅಂಟಿ, ಅವನ್ನು ಒಂದೊಂದಾಗಿ ಬಿಡಿಸುವಷ್ಟರಲ್ಲಿ ಆಕೆಗೆ ಅಳುವೇ ಬಂತು. ಆಕೆ ಅಳುವುದನ್ನು ನೋಡಿದ ಇಬ್ಬರು ಉಳಿದ ಊರಿಗೆಲ್ಲ ಸುದ್ದಿ ಮುಟ್ಟಿಸಿದರು.

ಮೂರನೇ ದಿನ ಮಧ್ಯಾಹ್ನ ಅಸೂಟಿಯಿಂದ ಶಿವನಪ್ಪನ ತಂಗಿ ಗುಡ್ಡವ್ವ ಟಂಟಂನಿಂದ ಇಳಿದಳು. ಇಳಿಯುವಾಗಲೇ ದನಿ ಶುರುವಾಗಿತ್ತು. ನನ್ನ ಬಿಟ್ಟು ಹ್ಯಾಂಗ ಹೋದೆ ಅಣ್ಣಾ, ಒಂದು ಮಾತು ಹೇಳಬಾರದಿತ್ತೇ ಅಣ್ಣಾ ಅಂತ ಪಟದ ಬುಡದಲ್ಲಿ ಕುಸಿದು ಕೂತಳು. ಒಳಗೆ ಉಣ್ಣುತ್ತಿದ್ದ ಶಿವನಪ್ಪ, ಎಂಜಲು ಕೈಯಲ್ಲೇ ಹೊರಗೆ ಬಂದು, ಯಾರು ಸತ್ತರು ಅಂತ ಕಳವಳದಿಂದ ಕೇಳಿದ. ಗುಡ್ಡವ್ವ ಕತ್ತೆತ್ತಿ ಒಮ್ಮೆ ಪಟ ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಆಮೇಲೆ ತಾನು ತಂದಿದ್ದ ಚೀಲದಿಂದ ಅವನ ಬೆನ್ನಿಗೆ ನಾಲ್ಕು ಬಾರಿಸಿದಳು.

"ಬದುಕಿದ್ರ ಬದುಕೀನಿ ಅಂತ ಒಂದ ಫೋನ್ ಮಾಡಾಕ ಏನ್ ಧಾಡಿ ನಿನಗ?"

ಆಕೆಯನ್ನು ಉಣ್ಣಿಸಿ ಕಳಿಸಿದ ಮೇಲೆ ಶಿವನಪ್ಪ ಪಟದ ಎದುರು ಬಂದು ನಿಂತ.

"ಇಳಸು ಇದನ್ನ."

"ಇಳಿಸಿದ್ರ ಕೆಡತೈತ್ರಿ. ಇನ್ನೂ ಹಸೀ ಐತಿ."

"ಅದು ಒಣಗೂತನಕ ನಾ ಸತ್ತಂಗನ ಇರ್ಲೇನು?"

ಕಲ್ಲವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. ಮದುವೆಯಾದಾಗಿನಿಂದ ಗಂಡನ ಹತ್ತಿರ ಏನನ್ನೂ ಹಟ ಹಿಡಿದು ಕೇಳಿದವಳಲ್ಲ.

"ನಾ ಮಾಡಿದ್ದು ಒಂದರ ಉಳೀಲ್ರಿ," ಅಂದಳು. "ನೀವು ಖುರ್ಚಿ ತಗೊಂಡು ಅದರ ಬುಡಕ ಕುಂದರ್ರಿ. ಬಂದವ್ರಿಗೆ ಇಬ್ರೂ ಕಾಣಲಿ."

ಶಿವನಪ್ಪ ಮರುದಿನ ಹತ್ತಕ್ಕೆ ಖುರ್ಚಿ ಹೊತ್ತುಕೊಂಡು ಬಂದು ಕೂತ, ಕಣ್ಣು ಅಗಲವಾಗಿ ತೆರೆದುಕೊಂಡು.

ಖಾನಾವಳಿಯಲ್ಲಿ ಸುಮ್ಮನೆ ಕೂತವನನ್ನು ಯಾರು ಬಿಡುತ್ತಾರೆ? ಬಂದವರು ಮೊದಲು ಬೆಚ್ಚಿಬೀಳುತ್ತಿದ್ದರು, ಆಮೇಲೆ ನೀರು ಕೇಳುತ್ತಿದ್ದರು. ಒಂದು ವಾರದಲ್ಲಿ ಅವನಿಗೆ ಉಳ್ಳಾಗಡ್ಡಿ ಹೆಚ್ಚಲಿಕ್ಕೆ ಬಂತು, ಎರಡನೇ ವಾರಕ್ಕೆ ರೊಟ್ಟಿಗೆ ನೆಂಚಿಕೊಳ್ಳಲು ಯಾರಿಗೆ ಶೇಂಗಾ ಹಿಂಡಿ, ಯಾರಿಗೆ ಗುರೆಳ್ಳು ಹಿಂಡಿ ಎಂಬುದು ಬಾಯಿಪಾಠವಾಯಿತು. ಕರೆಂಟು ಹೋದರೆ ಪೇಪರಿನಿಂದ ಪಟಕ್ಕೆ ತಾನೇ ಗಾಳಿ ಹಾಕುತ್ತಿದ್ದ. ಗಿರಾಕಿಗಳು ಕೈ ತೊಳೆಯುವ ಮುಂಚೆ, ಇವತ್ತು ಎಷ್ಟು ಒಣಗಿದ ಅಂತ ವಿಚಾರಿಸುತ್ತಿದ್ದರು. ಕಿವಿ ಒಣಗಿದ ದಿನ ಅವನೇ ಎಲ್ಲರಿಗೂ ಹೇಳಿದ.

ಪ್ರದರ್ಶನದ ಹಿಂದಿನ ದಿನ ಮಾಸ್ತರ ಊಟಕ್ಕೆ ಬಂದವನು ಖುರ್ಚಿ ಹತ್ತಿ ಪಟ ಮುಟ್ಟಿದ. ಕೆನ್ನೆ ಒಣಗಿತ್ತು. ವಿಭೂತಿ ಒಣಗಿತ್ತು. ಅಂಗಿ, ಕೈ ಎಲ್ಲ ಒಣಗಿತ್ತು. ಮೀಸೆ ಮುಟ್ಟಿದ ಬೆರಳು ಮಾತ್ರ ಕಪ್ಪಾಗಿ ಬಂತು. ಗಂಡನ ಮೀಸೆ ಮಿರಿಮಿರಿ ಮಿಂಚಲಿ ಅಂತ ಕಲ್ಲವ್ವ ಅಲ್ಲಿ ಇನ್ನೊಂದು ಚಮಚೆ ಎಣ್ಣೆ ಜಾಸ್ತಿಯೇ ಹಾಕಿದ್ದಳು.

"ಇನ್ನ ಒಂದ ತಿಂಗಳರ ಬೇಕ್ರಿ ಕಲ್ಲಕ್ಕ. ಬರೂ ವರ್ಷ ಹಾಕೂಣು," ಅಂದ ಮಾಸ್ತರ, ಆಕೆಯ ಮುಖ ನೋಡಲಾರದೆ.

ಕಲ್ಲವ್ವ ಒಳಗೆ ಹೋಗಿ ಚಾಕು ತಂದಳು. ಪಟ ಇಳಿಸಿ ಬೆಂಚಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಮೀಸೆಯನ್ನು ಒಂದು ಕಡೆಯಿಂದ ಕೆರೆದು ತೆಗೆದಳು. ಮೊಣಕಾಲಿಗೆ ಹೋಗಿ ಉಳಿದಿದ್ದ ಟರ್ಪೆಂಟೈನಿನಲ್ಲಿ ಅರಿವೆ ಅದ್ದಿ ಒರೆಸಿದಳು. ಕೆಳಗಿನ ಒಣಗಿದ ತುಟಿ ಬರಿದಾಗಿ ಕಂಡಿತು. ನೋಡುತ್ತ ನಿಂತಿದ್ದ ಶಿವನಪ್ಪನ ಕೈ ತಾನಾಗಿ ತನ್ನ ಮೀಸೆಗೆ ಹೋಯಿತು. ಮಾಸ್ತರ ಬೆರಳಿಟ್ಟ. ಬೆರಳು ಸ್ವಚ್ಛ ಬಂತು.

ರವಿವಾರ ಗಜೇಂದ್ರಗಡದ ಹಾಲಿನಲ್ಲಿ, ಒಂದು ಹುಡುಗಿ ಬರೆದ ಗುಡ್ಡದ ಚಿತ್ರಕ್ಕೂ ಇನ್ನೊಬ್ಬಳ ಕಮಲದ ಕೆರೆಗೂ ನಡುವೆ ಕಲ್ಲವ್ವನ ಚಿತ್ರ ಮೊಳೆ ಏರಿತು. ರೂಢಿಯಂತೆ ಶಿವನಪ್ಪ ಅದರ ಬುಡದಲ್ಲಿ ನಿಂತ. ಆದರೆ ಇಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ಬಂದವರು ಬೋಳು ಮುಖದ ಪಟ ನೋಡಿ, ಮೀಸೆಯ ಇವನನ್ನು ನೋಡಿ, ತೀರಿಕೊಂಡವರು ನಿಮ್ಮ ಅಣ್ಣನೋ ಕಾಕಾನೋ ಅಂತ ಕೇಳತೊಡಗಿದರು. ನಾಲ್ಕನೆಯವನು ಕೇಳಿದ ಮೇಲೆ ಶಿವನಪ್ಪ ಜಾಗ ಬಿಟ್ಟು ಹೊರಟೇಹೋದ. ಸಿಟ್ಟಾಗಿ ರೋಣದ ಬಸ್ಸು ಹಿಡಿದಿರಬೇಕು ಅಂದುಕೊಂಡ ಕಲ್ಲವ್ವ ಸಪ್ಪಗಾಗಿ ಗೋಡೆಗೆ ಒರಗಿದಳು.

ಅರ್ಧ ತಾಸಿನ ಮೇಲೆ ಯಾರೋ ಬಂದು ಪಟದ ಬುಡದಲ್ಲಿ ನಿಂತರು. ಯಾರಪ್ಪ ಇವರು ಅಂತ ನೋಡಿದಳು. ಮೂಗಿನ ಕೆಳಗೆ ಸುಲಿದ ಬೆಳ್ಳುಳ್ಳಿಯಷ್ಟು ಬೆಳ್ಳಗೆ, ಅಂಗಿಯ ಕೊರಳಪಟ್ಟಿಯ ಮೇಲೆ ನಾಲ್ಕು ಕೂದಲು. ಕ್ಷೌರದ ಅಂಗಡಿಯ ಪೌಡರಿನ ವಾಸನೆ.

"ಈಗ ಹೊಂದತೈತಿಲ್ಲ?" ಅಂದ ಶಿವನಪ್ಪ.

ಲಗ್ನದಲ್ಲಿ ಸೋದರಮಾವ ಹೇಳಿದರೂ ತೆಗೆಸದ ಮೀಸೆ ಅದು. ಕಲ್ಲವ್ವ ಅವನ ಕೊರಳಪಟ್ಟಿಯ ಮೇಲಿನ ಕೂದಲು ಕೊಡವಿದಳು. ಅಷ್ಟರಲ್ಲಿ ಹಳದಿ ರುಮಾಲಿನ ಮುದುಕರೊಬ್ಬರು ಹತ್ತಿರ ಬಂದು ಪಟವನ್ನೂ ಶಿವನಪ್ಪನನ್ನೂ ನಿಧಾನಕ್ಕೆ ಹೋಲಿಸಿ ನೋಡಿ, ಲೊಚಗುಟ್ಟಿದರು.

"ಅವಳಿ-ಜವಳಿ ಇದ್ರೇನ್ರಿ? ಯಾವಾಗ ಹ್ವಾದ್ರು ಪಾಪ?"

ಶಿವನಪ್ಪ ಹೆಂಡತಿಯ ಕಡೆ ಒಮ್ಮೆ ನೋಡಿದ. ಆಮೇಲೆ ಮುದುಕರ ಕಿವಿಯ ಹತ್ತಿರ ಬಾಗಿದ.

"ಮಕ್ಕೊಂಡಾರ್ರಿ. ಸಾವಕಾಶ ಮಾತಾಡ್ರಿ."

ಮುದುಕರು ತಲೆಯಾಡಿಸಿ, ಚಪ್ಪಲಿ ಸಪ್ಪಳ ಆಗದಂತೆ ಕಮಲದ ಕೆರೆಯ ಕಡೆ ಸರಿದರು. ಕಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡು, ನಗು ಹೊರಗೆ ಬರದಂತೆ ಗೋಡೆ ಕಡೆ ತಿರುಗಿ, ಸ್ವಲ್ಪ ವಾಲಿದ್ದ ಪಟವನ್ನು ನೆಟ್ಟಗೆ ಮಾಡಿದಳು.