ಕರಿ ಗಾಡಿಯ ಎಡಗಡೆಯ ಸೀಟು

ನಮ್ಮ ಮನೆಯವರ ಕಣ್ಣು ಹೋಗುತ್ತಿವೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಮೇಲೆಯೇ, ಬೈಲಹೊಂಗಲದಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರದಂಥ ಗಾಡಿ ನಮ್ಮ ಮನೆಗೆ ಬಂತು. ಕೇಳಿದವರಿಗೆ ಇದು ಹಿಂದುಮುಂದಾದಂತೆ ಅನ್ನಿಸಬಹುದು. ಆದರೆ ನಡೆದದ್ದು ಹೀಗೆಯೇ.

ಅವರದು ಹತ್ತಿ ವ್ಯಾಪಾರ. ಊರ ಹೊರಗೆ ಹತ್ತಿಯಿಂದ ಬೀಜ ಬಿಡಿಸುವ ಒಂದು ಸಣ್ಣ ಜಿನ್ನಿಂಗ್ ಮಿಲ್ಲೂ ಇತ್ತು. ಲಗ್ನಕ್ಕೆ ಮುಂಚೆ ಹತ್ತಿ ನೋಡುವ ನೆಪ ಮಾಡಿಕೊಂಡು ಮೋಟರ್ ಸೈಕಲ್ ಮೇಲೆ ನನ್ನ ತವರು ರಾಮದುರ್ಗಕ್ಕೆ ಬರುತ್ತಿದ್ದರು. ಗಾಡಿಯ ಸಪ್ಪಳ ಓಣಿಯ ಆ ತುದಿಯಲ್ಲಿ ಕೇಳಿದರೆ ಸಾಕು, ಅಪ್ಪ ನನಗೆ ಒಳಗೆ ಹೋಗು ಅನ್ನುತ್ತಿದ್ದ. ತೊಂಬತ್ತರ ದಶಕದಲ್ಲಿ ವ್ಯಾಪಾರ ಕೈಹಿಡಿದಾಗ ಒಂದು ಹಳೇ ಜೀಪು ತಂದರು. ಸವದತ್ತಿ, ಮನೋಳಿ, ರಾಮದುರ್ಗ ಎಲ್ಲ ಕಡೆಯೂ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಡ್ರೈವರ್ ಇಟ್ಟುಕೊಳ್ಳಿರೆಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಕಣ್ಣಿನದು ಯಾವಾಗ ಶುರುವಾಯಿತೋ ನಮಗೆ ತಿಳಿಯಲೇ ಇಲ್ಲ. ಊಟಕ್ಕೆ ಕೂತಾಗ ಪಕ್ಕದ ನೀರಿನ ತಂಬಿಗೆ ಮೊಣಕೈಗೆ ತಾಗಿ ಉರುಳುತ್ತಿತ್ತು. ನಾನು ಬದಿಗೇ ನಿಂತಿದ್ದರೂ ಎಲ್ಲಿದ್ದೀ ಎಂದು ಕೂಗುತ್ತಿದ್ದರು. ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುವುದು ಹೆಚ್ಚಾದ ಮೇಲೆ, ಚಷ್ಮಾದ ನಂಬರು ಬದಲಾಗಿರಬೇಕು ಅಂದುಕೊಂಡು ಹುಬ್ಬಳ್ಳಿಗೆ ಹೋದೆವು. ಅಲ್ಲಿ ಒಂದು ಯಂತ್ರದ ಮುಂದೆ ಕೂರಿಸಿ, ದೀಪ ಕಂಡಾಗಲೆಲ್ಲ ಗುಂಡಿ ಒತ್ತಿರಿ ಅಂದರು. ಹೊರಗೆ ಬಂದವರು ನನ್ನ ಕಿವಿಯಲ್ಲಿ, ಇವರ ಮಷಿನ್ ಕೆಟ್ಟಿರಬೇಕು, ಭಾಳ ಹೊತ್ತು ದೀಪವೇ ಬರಲಿಲ್ಲ ಅಂದರು.

ಮಷಿನ್ ಕೆಟ್ಟಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಿದೆ, ಬದಿಯ ನೋಟ ಹೋಗಿದೆ, ನಡುವಿನದಷ್ಟೇ ಉಳಿದಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೋದದ್ದು ತಿರುಗಿ ಬರುವುದಿಲ್ಲವಂತೆ. ಉಳಿದದ್ದನ್ನು ಕಾಯ್ದುಕೊಳ್ಳಲು ದಿನಾ ಕಣ್ಣಿಗೆ ಹನಿ ಹಾಕಿಕೊಳ್ಳಬೇಕು, ಗಾಡಿ ಓಡಿಸುವುದನ್ನು ಇವತ್ತಿಗೇ ಬಿಡಬೇಕು. ಇವರು ಆಗಲಿ ಎಂದು ತಲೆಯಾಡಿಸಿದರು. ಕೆಳಗೆ ಬಂದು ಜೀಪು ಚಾಲೂ ಮಾಡಿ ತಾವೇ ಓಡಿಸಿಕೊಂಡು ಹೊರಟರು. ಧಾರವಾಡ ದಾಟಿದ ಮೇಲೆ ಒಂದು ಬೇವಿನ ಮರದ ನೆರಳಿಗೆ ನಿಲ್ಲಿಸಿ, ನನ್ನ ಕಡೆ ನೋಡದೆ ಅಂದರು: "ಮನ್ಯಾಗ ಯಾರ ಮುಂದೂ ಹೇಳಬ್ಯಾಡ. ಪ್ಯಾಟ್ಯಾಗಂತೂ ಗೊತ್ತಾಗಲೇಬಾರದು."

ಕಣ್ಣು ಕಾಣದ ವ್ಯಾಪಾರಿಗೆ ಯಾರು ಹತ್ತಿ ತೋರಿಸುತ್ತಾರೆ ಎಂಬುದು ಅವರ ಅಂಜಿಕೆ. ಅದು ನನಗೂ ಅರ್ಥವಾಗುತ್ತಿತ್ತು. ಆದರೆ ಮುಂದೆ ನಡೆದದ್ದು ಅರ್ಥವಾಗಲಿಲ್ಲ.

ಆಗ ಕಿತ್ತೂರಿನ ಬದಿಯ ಹೆದ್ದಾರಿ ಹೊಸದಾಗಿ ಅಗಲವಾಗಿತ್ತು. ಹೋಗುವುದಕ್ಕೆ ಒಂದು ಬದಿ, ಬರುವುದಕ್ಕೆ ಒಂದು ಬದಿ, ನಡುವೆ ಕಣಗಿಲ ಗಿಡಗಳು. ಅವರು ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗಿ ಚಹಾದಂಗಡಿಯ ಮುಂದೆ ನಿಂತು ಬರುತ್ತಿದ್ದರು. ಮುಂಬಯಿ ಪುಣೆ ಕಡೆಯಿಂದ ಬಂದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಮಾಯವಾಗುವ ದೊಡ್ಡ ಗಾಡಿಗಳ ಸುದ್ದಿಯನ್ನು ರೊಟ್ಟಿ ತಿನ್ನುತ್ತ ಹೇಳುತ್ತಿದ್ದರು. ಒಂದು ದಿನ ಬೆಳಗಾವಿಯ ಗಾಡಿ ದಲಾಲನೊಬ್ಬ ಮನೆಗೆ ಬಂದ. ಪುಣೆಯಲ್ಲಿ ಕಾರ್ಖಾನೆ ಮಾಲೀಕನೊಬ್ಬ ಪರದೇಶದಿಂದ ತರಿಸಿ ಒಂದಷ್ಟು ದಿನ ಓಡಿಸಿದ ಗಾಡಿ ಮಾರಾಟಕ್ಕಿದೆಯಂತೆ. ನೋಡಲಿಕ್ಕೆ ಜೀಪಿನಂತೆ ಎತ್ತರ, ಓಟದಲ್ಲಿ ರೇಸಿನ ಕಾರು ಎಂದು ವರ್ಣಿಸಿದ. ಹೊಸದನ್ನೇ ತರಿಸಬಹುದಲ್ಲ ಎಂದು ನನ್ನ ಮೈದುನ ಕೇಳಿದಾಗ ಇವರು ಏನೋ ಹಾರಿಕೆಯ ಉತ್ತರ ಕೊಟ್ಟರು. ಹೊಸದಕ್ಕೆ ತಿಂಗಳಾನುಗಟ್ಟಲೆ ಕಾಯಬೇಕಿತ್ತು. ಇವರಿಗೆ ಕಾಯುವಷ್ಟು ಹೊತ್ತಿಲ್ಲ ಎಂಬುದು ಆ ಪಡಸಾಲೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಪುಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಗಾಡಿ ಕರೀದು, ಮುಖ ಕಾಣುವಷ್ಟು ಮಿರುಗುತ್ತಿತ್ತು. ಮಾರುವವನು ಕೋಟು ಹಾಕಿದ ಹುಡುಗ. ಹಿಂದಿಯಲ್ಲಿ ಎಡೆಬಿಡದೆ ಮಾತಾಡುತ್ತಿದ್ದ. ಇವರು ಅವನ ಮಾತು ಕೇಳಿಸಿಕೊಳ್ಳದೆ ಗಾಡಿಯ ಸುತ್ತ ಅಂಗೈ ಸವರುತ್ತ ನಡೆದರು. ಹಿಂದಿನ ಬಾಗಿಲ ಹತ್ತಿರ ಕೈ ನಿಂತಿತು. ಇಲ್ಲಿ ನೆಗ್ಗಿದ್ದನ್ನು ಬಡಿದು ಸರಿಮಾಡಿ ಬಣ್ಣ ಹಚ್ಚಿದ್ದೀರಿ ಅಂದರು. ಹುಡುಗ ತಡವರಿಸಿ ಒಪ್ಪಿಕೊಂಡ, ಗಾಡಿ ಪರೀಕ್ಷಿಸುವುದರಲ್ಲಿ ನಿಮ್ಮಂಥ ಪಾರಖಿಯನ್ನು ನೋಡಿಲ್ಲ ಎಂದು ಕೈಮುಗಿದ. ಕಣ್ಣಿನ ಕೆಲಸವನ್ನು ಕೈಗೆ ಒಪ್ಪಿಸಿದ್ದಾರೆಂದು ಅವನಿಗೆ ಹೇಗೆ ತಿಳಿಯಬೇಕು?

ಆ ಸಂಜೆ ಲಾಡ್ಜಿನಲ್ಲಿ ನಾನು ಅತ್ತುಬಿಟ್ಟೆ. ನನ್ನ ಮಾತು ಕೇಳಿರಿ, ಹಾಸ್ಟೆಲ್ಲಿನಲ್ಲಿ ಓದುವ ಮಕ್ಕಳ ಮುಖ ನೋಡಿರಿ ಅಂದೆ. ಅವರು ತಲೆ ಹಿಂದಕ್ಕೆ ಚೆಲ್ಲಿ, ನಾನೇ ಹನಿ ಹಾಕಲೆಂದು ಕಣ್ಣು ತೆರೆದು ಕೂತಿದ್ದರು.

"ಇನ್ನ ಎಷ್ಟು ದಿನಾ ಕಾಣತೈತಿ ಅನ್ನೂದು ಆ ಡಾಕ್ಟರಿಗೂ ಗೊತ್ತಿಲ್ಲ" ಅಂದರು. "ಕಾಣೂತನಕ ಒಂದು ಚಲೋ ಗಾಡಿ ಹೊಡಿತೇನಿ. ಆಮ್ಯಾಲ ನೀ ಎಲ್ಲಿ ಕೂಡಂತಿ ಅಲ್ಲಿ ಕೂಡತೇನಿ. ಈಗ ಅಡ್ಡ ಬರಬ್ಯಾಡ."

ಅವರ ಕಣ್ಣಿನಿಂದ ಹನಿ ಇಳಿದು ಕಿವಿಯವರೆಗೆ ಹೋಯಿತು. ಔಷಧವೋ ಮತ್ತೊಂದೋ ಗೊತ್ತಾಗಲಿಲ್ಲ. ನಾನು ಸೆರಗಿನಿಂದ ಒರೆಸಿದೆ. ಮಾತು ಅಲ್ಲಿಗೇ ಮುಗಿಯಿತು.

ಮರುದಿನ ಕೊಲ್ಲಾಪುರದವರೆಗೆ ದಲಾಲನ ಕಡೆಯ ಡ್ರೈವರ್ ಓಡಿಸಿದ. ಅಲ್ಲಿಂದ ಇವರು. ನೆಟ್ಟಗೆ ಮಲಗಿದ್ದ ರಸ್ತೆಯ ಮೇಲೆ ಕಾಲೊತ್ತಿದಾಗ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಒಳಗೆ ಸಪ್ಪಳವೇ ಇಲ್ಲ, ಹೊಲಗಳಷ್ಟೇ ಹಿಂದೆ ಸರಿಯುತ್ತಿದ್ದವು. ಅವರ ಮುಖ ನೋಡಿದೆ. ಮೋಟರ್ ಸೈಕಲ್ ಮೇಲೆ ರಾಮದುರ್ಗಕ್ಕೆ ಬರುತ್ತಿದ್ದ ಹುಡುಗನೇ ಕೂತಿದ್ದಂತಿತ್ತು. ಅಂಥ ಮುಖವನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಹೆದರಿಕೆ ಇದ್ದರೂ ನನಗೂ ನಗು ಬಂತು.

ಊರಿನಲ್ಲಿ ಹಬ್ಬವೇ ಆಯಿತು. ಓಣಿಯ ಹೆಂಗಸರು ಆರತಿ ತಂದರು. ಅತ್ತೆಗೆ ಅಷ್ಟೆತ್ತರ ಹತ್ತಲಾಗದ್ದಕ್ಕೆ ಒಕ್ಕಲಿನ ಹೆಣ್ಣುಮಕ್ಕಳಿಬ್ಬರು ಕೈಹಿಡಿದು ಹತ್ತಿಸಿ ಕೂರಿಸಿದರು. ಪೇಟೆಯ ಮಂದಿ ಸಾವಕಾರರ ವ್ಯಾಪಾರ ಎಲ್ಲಿಗೋ ಮುಟ್ಟಿತು ಅಂದುಕೊಂಡರು.

ಒಂದು ವಾರ ತಡೆದು ಮೈದುನನನ್ನು ಹಿತ್ತಲಿಗೆ ಕರೆದೆ. ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿದೆ. ಅವನು ನಂಬಲಿಲ್ಲ. ಅಣ್ಣ ದಿನಾ ಮುಂಜಾನೆ ಪೇಪರ್ ಓದುತ್ತಾನಲ್ಲ ಅಂದ. ಆದರೂ ಹೋಗಿ ಕೇಳಿದ. ಇವರು ಏನೂ ಆಗಿಲ್ಲವೆಂಬಂತೆ ಪೇಪರ್ ಎತ್ತಿ, ಮೂಲೆಯ ಇರುವೆ ಸಾಲಿನಂಥ ಅಕ್ಷರದ ಜಾಹೀರಾತನ್ನು ಗಟ್ಟಿಯಾಗಿ, ಒಂದೂ ತಪ್ಪದೆ ಓದಿದರು. ನಡುವಿನ ನೋಟ ಅವರಿಗೆ ನಮ್ಮೆಲ್ಲರಿಗಿಂತ ಚೊಕ್ಕವಾಗಿತ್ತು. ಮೈದುನ ನಗುತ್ತ ಹೊರಗೆ ಬಂದ.

"ವೈನಿ, ನನಗ ಓದಾಕ ಬರಂಗಿಲ್ಲ ಅಷ್ಟು ಸಣ್ಣ ಅಕ್ಷರ. ನೀವು ಸುಮ್ಮನ ಮನಸಿಗೆ ಹಚ್ಚಿಕೊಂಡೀರಿ."

ಅತ್ತೆಗೂ ಹೇಳಿ ನೋಡಿದೆ. ಗಂಡನ ಏಳಿಗೆಗೆ ಹೆಂಡತಿಯ ದೃಷ್ಟಿಯೇ ತಾಗಬಾರದು ಎಂದು ಅವರು ನನ್ನ ಮುಖಕ್ಕೇ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಇವರು ಮಾತ್ರ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು.

ಹಾಗಾಗಿ ನನಗೆ ಉಳಿದದ್ದು ಒಂದೇ ದಾರಿ, ಎಡಗಡೆಯ ಸೀಟು. ಎಲ್ಲಿಗೆ ಹೊರಟರೂ ನಾನೂ ಬರುತ್ತೇನೆ ಅಂದೆ. ಅವರಿಗೆ ಯಾಕೆಂದು ತಿಳಿದಿತ್ತು, ಬೇಡ ಅನ್ನಲಿಲ್ಲ. ಎಮ್ಮೆ, ಸೈಕಲ್ಲು, ಮೇವಿನ ಹೊರೆ ಹೊತ್ತ ಹೆಂಗಸು ಬದಿಯಿಂದ ಬಂದರೆ ಸುಮ್ಮನೆ ಸುದ್ದಿ ಹೇಳಿದಂತೆ ಹೇಳುತ್ತಿದ್ದೆ. ಅಲ್ಲಿ ನೋಡ್ರಿ, ಎಮ್ಮಿ ಎಷ್ಟು ದಷ್ಟಪುಷ್ಟ ಐತಿ ಅನ್ನುತ್ತಿದ್ದೆ. ಅವರು ಹೌದಲ್ಲ ಅನ್ನುತ್ತ ಬ್ರೇಕಿನ ಮೇಲೆ ಕಾಲಿಡುತ್ತಿದ್ದರು. ಹಿಂದೆ ಕೂತ ಬಂಧುಗಳು, ಇವರಿಬ್ಬರಿಗೆ ಎಷ್ಟು ಮಾತು ಎಂದು ನಗುತ್ತಿದ್ದರು. ಮನೋಳಿಯ ಸೇತುವೆ, ಸವದತ್ತಿಯ ಗುಡ್ಡದ ತಿರುವು, ರಾಮದುರ್ಗದ ಸಂತೆಯ ಗದ್ದಲ, ಎಲ್ಲವನ್ನೂ ಹೀಗೆ ಮಾತಾಡುತ್ತಲೇ ದಾಟಿದೆವು. ಇಳಿದ ಮೇಲೆ ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಹತ್ತಿಕೊಂಡಿರುತ್ತಿತ್ತು.

ಹಳೇ ಜೀಪಾಗಿದ್ದರೆ ನನ್ನ ಮಾತು ಸಾಕಾಗುತ್ತಿತ್ತೋ ಏನೋ. ಈ ಗಾಡಿಗೆ ಸಾಕಾಗಲಿಲ್ಲ. ಅದು ಮಾತಿಗಿಂತ ಮುಂದೆ ಹೋಗುತ್ತಿತ್ತು.

ಹಂಗಾಮಿನ ಒಂದು ಮುಂಜಾನೆ ಬೆಳಗಾವಿಗೆ ಹೊರಟಿದ್ದೆವು. ಕಿತ್ತೂರಿನ ಹತ್ತಿರ ಹೆದ್ದಾರಿ ಸೇರುವ ಮುಂಚೆ ಎಡಗಡೆಯ ಹೊಲದ ದಾರಿಯಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೊಂದು ರಸ್ತೆಗೆ ಬಂತು. ನಾನು ಕಂಡೆ. "ಸೈಕಲ್ಲ" ಅಂದೆ. ಆ ಶಬ್ದ ಮುಗಿಯುವುದರೊಳಗೆ ಗಾಡಿಯ ಕನ್ನಡಿ ಸೈಕಲ್ಲಿನ ಹ್ಯಾಂಡಲಿಗೆ ತಾಗಿ ಟಪ್ಪೆಂದಿತು. ಬ್ರೇಕು ಹಿಡಿಯಿತು, ಗಾಡಿ ನಿಂತಿತು. ಹಿಂದೆ ನೋಡಿದರೆ ಡಾಂಬರಿನ ಮೇಲೆ ಹಾಲು ಹರಡುತ್ತಿತ್ತು. ಅದರ ನಡುವೆ ಒಬ್ಬ ನಡುವಯಸ್ಸಿನವ ಎದ್ದು ಕೂರಲು ನೋಡುತ್ತಿದ್ದ. ಅವನ ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು.

ಮಂದಿ ಕೂಡಿತು. ಇವರು ಇಳಿದು ಹೋಗಿ ಅವನ ಮುಂದೆ ಹಾಲಿನಲ್ಲೇ ಮೊಣಕಾಲೂರಿದರು. ಅವನು ನೋವಿನಲ್ಲೂ ಮರ್ಯಾದೆಯಿಂದಲೇ ಕೇಳಿದ.

"ಕಾಣಲಿಲ್ಲೇನ್ರಿ ಸಾವಕಾರ್ರ?"

"ಇಲ್ಲಪಾ" ಅಂದರು ಇವರು. "ನನಗ ಕಾಣಂಗಿಲ್ಲ."

ಅಷ್ಟು ದಿನ ಮುಚ್ಚಿಟ್ಟ ಮಾತು ಕಿತ್ತೂರಿನ ಅಪರಿಚಿತರ ಮುಂದೆ ಹೊರಗೆ ಬಂತು. ಆದರೆ ಯಾರೂ ನಂಬಲಿಲ್ಲ. ಇಂಥ ಗಾಡಿ ಓಡಿಸಿಕೊಂಡು ಬಂದು ಕಾಣುವುದಿಲ್ಲ ಅನ್ನುತ್ತಾನೆ, ಸೊಕ್ಕು ನೋಡು ಎಂದು ಒಬ್ಬ ಅವರ ಅಂಗಿಯ ಕಾಲರಿಗೆ ಕೈಹಾಕಿದ. ಇವರು ಬಿಡಿಸಿಕೊಳ್ಳಲಿಲ್ಲ. ನಾನು ನಡುವೆ ಹೋಗಿ ಕೈಮುಗಿದೆ. "ಖರೇನ ಕಾಣಂಗಿಲ್ಲರಿ ಅವರಿಗೆ. ಕಣ್ಣು ಹೋಗ್ಯಾವು." ನನ್ನ ದನಿ ಕೇಳಿ ಆ ಮನುಷ್ಯ ಕೈ ತೆಗೆದ. ಇನ್ನೊಬ್ಬ ಸೈಕಲ್ಲು ಎತ್ತಿ ರಸ್ತೆಯ ಬದಿಗಿಟ್ಟ.

ಹಾಲಿನವನನ್ನು ದವಾಖಾನೆಗೆ ಒಯ್ಯಬೇಕಿತ್ತು. ಅಂಥಾ ಗಾಡಿ ಅಲ್ಲೇ ನಿಂತಿತ್ತು. ಇವರು ಕೀಲಿ ಹಿಡಿದು, ಯಾರಾದರೂ ಓಡಿಸಿರಪ್ಪಾ ಎಂದು ಕೇಳಿದರು. ಕಾಲರ್ ಹಿಡಿದವನೇ ಒಳಗೆ ಕೂತು ನೋಡಿದ. ತಾನಾಗಿಯೇ ಗೇರು ಬದಲಾಗುವ ಗಾಡಿ, ಕ್ಲಚ್ಚೇ ಇಲ್ಲ. ಅವನು ಅಂಜಿ ಇಳಿದುಬಿಟ್ಟ. ನನಗೆ ಸೈಕಲ್ಲೂ ಬರದು. ಕೊನೆಗೆ ಕೋಸುಗಡ್ಡೆ ತುಂಬಿದ್ದ ಟೆಂಪೊ ಒಂದನ್ನು ನಿಲ್ಲಿಸಿ, ಚೀಲಗಳ ಮೇಲೆ ಅವನನ್ನು ಕೂರಿಸಿಕೊಂಡು ನಾವಿಬ್ಬರೂ ಹತ್ತಿದೆವು. ದಾರಿಯುದ್ದಕ್ಕೂ ಅವನ ಮುರಿದ ಕೈ ಕುಲುಕದಂತೆ ಇವರು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಎಲುಬು ಕೂಡಿಸಿ ಪಟ್ಟಿ ಹಾಕಿದರು. ಅವನ ಕೈ ನೆಟ್ಟಗಾಗುವವರೆಗೆ ಮನೆ ಮನೆಗೆ ಹಾಲು ಹಾಕಲು ನಮ್ಮ ಮಿಲ್ಲಿನ ಆಳೊಬ್ಬ ಹೋಗಿ ಬಂದ. ಹಾಲಿನವನು ದೂರು ಕೊಡಲಿಲ್ಲ. ಕಣ್ಣಿಲ್ಲದವರ ಮೇಲೆ ಏನು ದೂರು ಕೊಡಲಿ ಅಂದನಂತೆ. ಆ ಮಾತು ಇವರ ಕಿವಿಗೆ ಬಿದ್ದ ದಿನ ಊಟ ಮಾಡಲಿಲ್ಲ.

ಮೈದುನ ಬೆಳಗಾವಿಯಿಂದ ಡ್ರೈವರನನ್ನು ಕರೆಸಿ ಗಾಡಿ ತರಿಸಿದ. ಕೀಲಿಯನ್ನು ನನ್ನ ಕೈಗೇ ತಂದು ಕೊಟ್ಟ. ನಾನು ಅದನ್ನು ಗೂಟಕ್ಕೆ ತೂಗುಹಾಕಿದೆ. ನನ್ನ ಮಾತು ನಿಜವಾಯಿತೆಂದು ಹೇಳಿ ಯಾರಿಗೆ ಏನು ಬರುವುದಿತ್ತು? ಪೇಟೆಯಲ್ಲಿ ಎರಡು ದಿನದಲ್ಲಿ ಸುದ್ದಿಯಾಯಿತು. ಇವರು ಅಂಜಿದ್ದಂತೆ ಕೆಲವರು ದೂರವಾದರು, ಕೆಲವರು ದೂರವಾಗಲಿಲ್ಲ. ವ್ಯಾಪಾರ ನಿಧಾನಕ್ಕೆ ಮೈದುನನ ಕೈಗೆ ಹೋಯಿತು.

ಗಾಡಿ ಒಂದು ಮಳೆಗಾಲವೆಲ್ಲ ಮಿಲ್ಲಿನ ಶೆಡ್ಡಿನಲ್ಲಿ ನಿಂತಿತ್ತು. ಡ್ರೈವರನ ಪಕ್ಕ ಕೂತು ಒಮ್ಮೆ ಸವದತ್ತಿಗೆ ಹೋಗಿಬಂದವರು ಮತ್ತೆ ಹಾಗೆ ಕೂರಲು ಒಪ್ಪಲಿಲ್ಲ. ಆದರೆ ಇಳಿಹೊತ್ತಿನಲ್ಲಿ ಮಿಲ್ಲಿಗೆ ನಡೆದು ಹೋಗಿ, ಶೆಡ್ಡಿನ ಬಾಗಿಲು ತೆರೆಸಿ, ಗಾಡಿ ಚಾಲೂ ಮಾಡಿ ಸುಮ್ಮನೆ ಕೂರುತ್ತಿದ್ದರು. ನಾನೂ ಹೋಗಿ ಎಡಕ್ಕೆ ಕೂರುತ್ತಿದ್ದೆ. ಎದುರಿಗೆ ಹತ್ತಿ ತುಂಬಿದ ದೊಡ್ಡ ಅಂಡಿಗೆಗಳ ಗೋಡೆ. ಹೇಳಲಿಕ್ಕೆ ಎಮ್ಮೆಯೂ ಇಲ್ಲ, ಸೈಕಲ್ಲೂ ಇಲ್ಲ. ಇಬ್ಬರೂ ಇಂಜಿನ್ನಿನ ಸಣ್ಣ ಗುನುಗು ಕೇಳುತ್ತಿದ್ದೆವು. ಅವರೇ ಕೀಲಿ ತಿರುಗಿಸಿ ಬಂದ್ ಮಾಡುವವರೆಗೆ ಕಾಯುತ್ತಿದ್ದೆ.

ದಸರಾ ಮುಗಿದ ಮೇಲೆ ಒಬ್ಬ ಕಂತ್ರಾಟದಾರ ನೋಡಲು ಬಂದ. ಇಷ್ಟು ಚಲೋ ಗಾಡಿ ಯಾಕೆ ಮಾರುತ್ತೀರಿ ಎಂದು ಸಂಶಯದಿಂದ ಕೇಳಿದ. ಇವರು ಇದ್ದದ್ದನ್ನು ಇದ್ದಂತೆ ಹೇಳಿದರು. ಹಾಲಿನವನ ಸಂಗತಿಯನ್ನೂ ಬಿಡಲಿಲ್ಲ. ಅವನು ಕನ್ನಡಿಯ ಗೀರು ಮುಟ್ಟಿ ನೋಡಿ ಗಾಡಿ ಒಯ್ದ. ಗೇಟು ದಾಟುವವರೆಗೆ ಇವರು ಗಾಡಿಯನ್ನು ನೋಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಆದರೆ ಗಾಡಿ ಎಡಕ್ಕೆ ಹೊರಳಿ ಹೋಗಿ ಎಷ್ಟೋ ಹೊತ್ತಾದರೂ ಅವರ ಮುಖ ಬರಿದಾದ ಗೇಟಿನ ಕಡೆಗೇ ಇತ್ತು. ಹೋಯಿತೇನು ಎಂದು ಕೇಳಿದರು. ಹೋಯಿತು ಅಂದೆ.

ಆ ದೀಪಾವಳಿಗೆ ರಾಮದುರ್ಗಕ್ಕೆ ಬಸ್ಸಿನಲ್ಲಿ ಹೋದೆವು. ಮುಂದಿನ ಸೀಟೇ ಸಿಕ್ಕಿತ್ತು. ಡ್ರೈವರ್ ಅವಸರದ ಮನುಷ್ಯ, ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತಿದ್ದ. ಇವರು ಕೈ ಕಟ್ಟಿಕೊಂಡು ಸಮಾಧಾನದಿಂದ ಕೂತಿದ್ದರು, ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿರಬೇಕು ಅಂದುಕೊಂಡೆ. ಒಂದು ತಿರುವಿನಲ್ಲಿ ಬಸ್ಸು ವಾಲಿದಾಗ ಕೆಳಗೆ ನೋಡಿದೆ. ಅವರ ಬಲಗಾಲು ಬಸ್ಸಿನ ನೆಲದ ತಗಡನ್ನು ಬ್ರೇಕಿನಂತೆ ಬಲವಾಗಿ ಒತ್ತುತ್ತಿತ್ತು. ತಿರುವು ಮುಗಿದರೂ ಅದು ಸಡಿಲಾಗಲಿಲ್ಲ. ಕಂಡಕ್ಟರ್ ಬಂದು ತಿಕೀಟು ಕೇಳಿದ. ನಾನು ರಾಮದುರ್ಗ ಎರಡು ಅಂದೆ.