ವಾಣಿಜ್ಯ ಮಂತ್ರಿಗೆ ತೋರಿಸಬೇಕಿದ್ದ ಸೀರೆ

ದಿಲ್ಲಿಯಲ್ಲಿ ವಾಣಿಜ್ಯ ಮಂತ್ರಿ ಅಂತ ಒಬ್ಬರು ಇರುತ್ತಾರೆಂದು ನನಗೆ ಗೊತ್ತಾದದ್ದು ಗಜೇಂದ್ರಗಡದ ಗಂಡನ ಮನೆಯಲ್ಲಿ, ಕೊಂಡಿ ಹಾಕುತ್ತ ಕೂತಿದ್ದಾಗ. ನಮ್ಮ ಸೀರೆಯ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡರ ಎಳೆಗಳನ್ನು ಒಂದೊಂದಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಅದು ಹೆಂಗಸರ ಕೆಲಸ. ನೇಯ್ದವರೆಂಬ ಹೆಸರು ಮಾವನವರಿಗೆ, ಕಣ್ಣುರಿ ಅತ್ತೆಗೂ ನನಗೂ. ಇರಲಿ ಬಿಡಿ, ಈಗ ಯಾರ ಮುಂದೆ ಹೇಳಿ ಏನು ಬಂತು.

ಆಗಿನ್ನೂ ನಮ್ಮ ಊರು ಮುಂಬೈ ರಾಜ್ಯಕ್ಕೆ ಸೇರಿತ್ತು. ಮಾವನವರಿಗೆ ಸರಕಾರವೆಂದರೆ ಯುದ್ಧದ ಕಾಲದಲ್ಲಿ ಕಂಟ್ರೋಲಿನ ನೂಲು ಕೊಡುತ್ತಿದ್ದ ಕಿಟಕಿ, ಅಷ್ಟೇ. ಓಣಿಯ ಸಾಲಿ ಮಾಸ್ತರರು ಸಂಜೆ ಬಂದು ಕಟ್ಟೆಯ ಮೇಲೆ ಕೂತು ಪೇಪರು ಓದಿ ಹೇಳುತ್ತಿದ್ದರು. ಹೊರದೇಶದಿಂದ ಏನು ಬರಬೇಕು, ನಮ್ಮದು ಏನು ಹೋಗಬೇಕು ಎಂದು ನೋಡುವವರು ವಾಣಿಜ್ಯ ಮಂತ್ರಿಯಂತೆ. ಇಂಗ್ರೇಜಿಯವರ ಕಾಲದಲ್ಲಿ ವೈಸರಾಯರ ಮಂಡಳಿಯಲ್ಲೇ ಆ ಕೆಲಸಕ್ಕೊಬ್ಬರು ಇರುತ್ತಿದ್ದರಂತೆ. ಈಗ ಕೈಗಾರಿಕೆಯೂ ಆ ಖಾತೆಗೇ ಸೇರಿದ್ದರಿಂದ ಬಟ್ಟೆಯ ಗಿರಣಿಯೂ ಅವರದೇ, ಕೈಮಗ್ಗವೂ ಅವರದೇ. ಇದನ್ನು ಕೇಳಿ ಮಾವನವರು, ‘ಹಂಗಂದ್ರ ಎರಡ ಹೆಂಡರ ಗಂಡ ಅನ್ರಿ ಮಾಸ್ತರ’ ಅಂದರು. ಒಳಗೆ ನಾವಿಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು.

ಆ ನಗು ಬಹಳ ದಿನ ಉಳಿಯಲಿಲ್ಲ. ಯಾವುದೋ ಮದುವೆಗೆಂದು ನರಗುಂದಕ್ಕೆ ಹೋದ ಮಾವನವರು ಪೇಟೆಯ ಅಂಗಡಿಯೊಂದರಲ್ಲಿ ಒಂದು ಹಸಿರು ಸೀರೆ ನೋಡಿದರು. ದಡಿ, ಅಂದರೆ ಅಂಚು, ನಮ್ಮದೇ, ಅಬ್ಬಿಗೇರಿ, ಮುಶಿಗೇರಿಯ ಒಕ್ಕಲಿಗರ ಮನೆಯ ಹೆಂಗಸರು ಬೇಕೆಂದು ಕೇಳಿ ನೇಯಿಸಿಕೊಳ್ಳುತ್ತಿದ್ದ ದಡಿ. ಸೀರೆ ಮಾತ್ರ ಗಿರಣಿಯದು, ನಮ್ಮದಕ್ಕಿಂತ ಎಷ್ಟೋ ಅಗ್ಗ. ಮದುವೆ ಊಟ ಬಿಟ್ಟು ಅದನ್ನು ಕೊಂಡು ಮನೆಗೆ ತಂದರು. ಮಗ್ಗದ ಮನೆಗೆ ಅಂಗಡಿಯ ಸೀರೆ ತಂದ ಗಂಡಸು ನಮ್ಮ ಓಣಿಯಲ್ಲಿ ಅವರೊಬ್ಬರೇ ಇರಬೇಕು. ಅತ್ತೆ ಅದನ್ನು ಮೂರು ಸಲ ಹೊರಳಿಸಿ ನೋಡಿದರು. ಕಣ್ಣಿಗೆ ಚೆಂದವೇ ಇತ್ತು, ಅದೇ ಹೊಟ್ಟೆ ಉರಿಸಿದ್ದು. ಸೆರಗು ಕೂಡುವಲ್ಲಿ ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತಿತ್ತು, ಅಲ್ಲಿ ಕೊಂಡಿಯೇ ಇರಲಿಲ್ಲ.

ಓಣಿಯಲ್ಲಿ ಆಗಲೇ ಎರಡು ಮನೆಯವರು ಮಗ್ಗದ ಕುಣಿಗೆ ಮಣ್ಣು ತುಂಬಿ ಕೂಲಿಗೆ ಹೊರಟಿದ್ದರು. ಗಿರಣಿಯವರು ನಮ್ಮ ದಡಿ ನೇಯುವುದು ನಿಲ್ಲದಿದ್ದರೆ ಮೂರನೆಯದು ನಮ್ಮದೇ ಎಂದು ಮಾವನವರಿಗೆ ಖಾತ್ರಿಯಾಗಿತ್ತು. ಇಂಥ ಸೀರೆ ಗಿರಣಿಯವರು ನೇಯಬಾರದೆಂದು ಸರಕಾರದ ಆಜ್ಞೆಯೇ ಇದೆ, ಮಂತ್ರಿಗೆ ಅರ್ಜಿ ಕೊಡಿ ಎಂದರು ಮಾಸ್ತರರು. ಅರ್ಜಿ ಟೈಪು ಮಾಡಿಸಲು ಮಾವನವರು ಬಸ್ಸಿನಲ್ಲಿ ರೋಣಕ್ಕೆ ಮೂರು ಸಲ ಅಲೆದರು. ಒಂದು ಸಲ ಟೈಪು ಮಾಡುವವನಿಲ್ಲ, ಇನ್ನೊಂದು ಸಲ ಅವನ ಯಂತ್ರ ಕೆಟ್ಟಿತ್ತು. ಕೊನೆಗೆ ಸಿಕ್ಕ ಕಾಗದದ ಕಡೆಯ ಸಾಲನ್ನು ಮಾಸ್ತರರು ಓದಿ ಹೇಳಿದರು: ಸಾಕ್ಷಿಗಾಗಿ ಗಿರಣಿಯ ಹಸಿರು ಸೀರೆಯನ್ನು ಹಾಜರುಪಡಿಸಿದ್ದೇನೆ.

ಅಷ್ಟರಲ್ಲಿ ಮಂತ್ರಿಗಳೇ ನೇಕಾರರನ್ನು ನೋಡಲು ಈ ಕಡೆ ಬರುತ್ತಾರೆಂದು ಸುದ್ದಿ ಬಂತು. ಅರ್ಜಿಯನ್ನು ಅವರ ಕೈಗೇ ಕೊಡೋಣವೆಂದು ಮಾವನವರು ಅಂಚೆಗೆ ಹಾಕಲಿಲ್ಲ. ಜೀಪು ಬಾಗಿಲ ತನಕ ಬರುವುದು ನಮ್ಮ ಮನೆಗೆ ಮಾತ್ರ ಎಂದು ಅಧಿಕಾರಿಗಳು ನಮ್ಮ ಮನೆಯನ್ನೇ ಗೊತ್ತು ಮಾಡಿದರು. ಗಿರಣಿಯ ಸೀರೆಯ ಪಕ್ಕದಲ್ಲಿ ಇಡಲು ಮಾವನವರಿಗೆ ತಮ್ಮ ಕೈಯದೊಂದು ಬೇಕಿತ್ತು. ಮಗ್ಗದ ಮೇಲೆ ಆಗ ಇದ್ದದ್ದು ಕರಿ ಒಡಲಿನ ಹಾಸು. ಅದನ್ನು ಇಳಿಸಿ ಬೇರೆ ಏರಿಸಲು ದಿನಗಳೆಲ್ಲಿವೆ? ಕರಿಯದನ್ನೇ ನೇಯ್ದು ಮುಗಿಸಿದರು. ಒಡಲಿನ ಬಣ್ಣ ಬೇರೆಯಾದರೇನು, ದಡಿ ಒಂದೇ. ಸಾಹೇಬರು ಎರಡನ್ನೂ ಕೈಯಲ್ಲಿ ಹಿಡಿದು ಕೊಂಡಿ ಮುಟ್ಟಿ ನೋಡಲಿ ಎಂದು ಅವರ ಲೆಕ್ಕ. ಆ ವಾರ ನಾನು ಲಾಳಿಯ ಕಂಡಿಕೆಗೆ ನೂಲು ಸುತ್ತಿದೆ, ಮನೆ ಸಾರಿಸಿದೆ, ಬಂದುಹೋದವರಿಗೆಲ್ಲ ಚಹಾ ಕಾಸಿದೆ. ಮಂತ್ರಿ ಬರುವ ಹೊತ್ತಿಗೆ ನನಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು.

ಎರಡು ಸೀರೆಗಳೂ ಒಳಮನೆಯ ಮಣೆಯ ಮೇಲಿದ್ದವು. ಕರೆದಾಗ ಎರಡನ್ನೂ ತರಬೇಕೆಂದು ಮಾವನವರು ನನಗೆ ನಾಲ್ಕು ಸಲ ಹೇಳಿದ್ದರು. ಜೀಪು ಬಂತು. ಮಂತ್ರಿಗಳು ಇಳಿದರು, ವಯಸ್ಸಾದವರು, ಅವರೂ ದಣಿದಿದ್ದರು, ಮುಖದ ತುಂಬ ಧೂಳು. ಅವರ ಹಿಂದೆ ಅವರ ಹೆಂಡತಿಯೂ ಇಳಿದರು. ಆ ತಾಯಿ ಬರುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ.

ಗಂಡಸರು ಮಗ್ಗದ ಕಡೆ ಹೋದರು, ಆಕೆ ನಮ್ಮ ಜೊತೆ ಒಳಗೆ ಬಂದರು. ಮೊದಲ ಸಲ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ಅಕ್ಕಿ ಇತ್ತು, ಕಾಯಿ ಇತ್ತು, ಎಲೆ ಅಡಿಕೆ ಇತ್ತು. ನೇಕಾರರ ಮನೆಯಿಂದ ಸೀರೆಯಿಲ್ಲದ ಉಡಿ ಹೋದರೆ ಊರಲ್ಲಿ ತಲೆ ಎತ್ತುವಂತಿಲ್ಲ. ನೇಯ್ದದ್ದೆಲ್ಲ ಮಾರಾಟಕ್ಕೆ ಹೋಗಿತ್ತು, ಮನೆಯಲ್ಲಿ ಹೊಸ ಸೀರೆಯೆಂದರೆ ಆ ಎರಡೇ. ಅತ್ತೆ ನನ್ನನ್ನು ಬದಿಗೆ ಕರೆದು ಹಸಿರು ಸೀರೆ ತಾ ಅಂದರು. ‘ಅತ್ತೀ, ಅದನ್ನ ಮಾವಾರು ತೋರಸಾಕ ಇಟ್ಟಾರ್ರೀ’ ಅಂದೆ.

‘ಮತ್ತ ಕರೀದನ್ನ ಮುತ್ತೈದಿ ಉಡ್ಯಾಗ ಹಾಕಲೇನ? ಅವರಿಗೆ ತೋರಸಾಕ ಒಂದ ಸಾಲೂದಿಲ್ಲೇನು. ಲಗೂ ತಾ.’

ಮದುವೆ, ಸೀಮಂತ, ತೊಟ್ಟಿಲು, ಯಾವುದಕ್ಕೂ ನಾವು ಕರಿಯದನ್ನು ಉಡಿಗೆ ಹಾಕಿದವರಲ್ಲ. ಅತ್ತೆಯ ಮಾತು ತಪ್ಪಲ್ಲ. ಆದರೆ ಆ ಹಸಿರು ಸೀರೆ ಯಾಕೆ ಬಂದದ್ದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಸೊಸೆ ಎಂಬ ಅಂಜಿಕೆಗಿಂತ ಹೆಚ್ಚಾಗಿ, ಹೇಗಾದರೂ ಇದೆಲ್ಲ ಮುಗಿದು ಒಂದು ಗಳಿಗೆ ಬೆನ್ನು ನೆಲಕ್ಕೆ ಹತ್ತಿದರೆ ಸಾಕಾಗಿತ್ತು ನನಗೆ. ತಂದು ಕೊಟ್ಟೆ. ಅತ್ತೆ ಕುಂಕುಮ ಹಚ್ಚಿ ಉಡಿ ತುಂಬಿದರು. ಆ ತಾಯಿ ಸೆರಗೊಡ್ಡಿ ಎಷ್ಟು ಚೆಂದ ತೆಗೆದುಕೊಂಡರು!

ಹೊರಗಿನಿಂದ ಮಾವನವರು ಕರೆದರು. ಕರಿ ಸೀರೆಯೊಂದನ್ನೇ ಹಿಡಿದು ಹೋದೆ. ಅವರು ನನ್ನ ಇನ್ನೊಂದು ಕೈ ನೋಡಿದರು, ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಹೊರಗೆ ಬಂದು ಉಡಿಯಲ್ಲಿದ್ದದ್ದನ್ನು ಗಂಡನಿಗೆ ತೋರಿಸಿದರು. ಮಂತ್ರಿಗಳು ಹಸಿರು ಸೀರೆಯ ದಡಿಯನ್ನು ಬೆರಳಲ್ಲಿ ಹಿಡಿದು, ಮಾವನವರ ಕಡೆ ತಿರುಗಿ ಹಿಂದಿಯಲ್ಲಿ ಏನೋ ಹೇಳಿದರು. ಜೊತೆಯಲ್ಲಿದ್ದ ಅಧಿಕಾರಿ ಅದನ್ನು ಕನ್ನಡದಲ್ಲಿ ಹೇಳಿದರು.

‘ಇಂಥಾ ಕೆಲಸ ಯಾವ ಗಿರಣೀಗೂ ಬರೂದಿಲ್ಲಂತ ಸಾಹೇಬರು ಅಂತಾರ. ಇಂಥಾ ಕೈ ಇರೂತನಕ ನೀವು ಗಿರಣೀಗೆ ಅಂಜಬಾರದಂತ.’

ಮಾವನವರ ತುಟಿ ಅಲುಗಿದ್ದು ನನಗೆ ಕಂಡಿತು. ಅದು ಗಿರಣಿಯದ್ದೇ ಎಂಬ ಒಂದು ಮಾತು ಸಾಕಿತ್ತು. ಆದರೆ ಉಡಿಗೆ ಹಾಕಿದ್ದನ್ನು ಮರಳಿ ಕೇಳುವುದಿಲ್ಲ, ಅದರ ಕೊರತೆ ಆಡುವುದೂ ಇಲ್ಲ. ಮೇಲಾಗಿ ಮಗ್ಗದ ಮನೆಯವರೇ ಅತಿಥಿಗೆ ಅಂಗಡಿಯ ಸೀರೆ ಕೊಟ್ಟೆವೆಂದು ಯಾವ ಬಾಯಿಂದ ಹೇಳುವುದು? ಅವರು ಕೈ ಮುಗಿದು ‘ಹೌದ್ರಿ’ ಅಂದರು. ಅರ್ಜಿ ಅಂಗಿಯ ಕಿಸೆಯಲ್ಲೇ ಇತ್ತು. ಹಸಿರು ಸೀರೆಯನ್ನು ಸಾಕ್ಷಿಗೆ ತಂದಿದ್ದೇನೆಂದು ಬರೆದ ಕಾಗದವನ್ನು ಆ ಹಸಿರು ಸೀರೆಯ ಮುಂದೆಯೇ ಕೊಡುವುದು ಹೇಗೆ? ಕೊಡಲಿಲ್ಲ. ಕರಿ ಸೀರೆಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಮುಂದಿನ ಊರಿಗೆ ಹೊತ್ತಾಯಿತೆಂದು ಎಲ್ಲರೂ ಎದ್ದರು.

ಜೀಪು ಹೋದಮೇಲೆ ಮಾವನವರು ಒಳಗೆ ಬಂದು ಗೋಡೆಗೆ ಒರಗಿ ಕೂತರು. ಅತ್ತೆ ನೆಲಕ್ಕೆ ಬಿದ್ದ ಉಡಿಯಕ್ಕಿ ಆರಿಸುತ್ತಿದ್ದರು, ಮನೆಯ ಮಾನ ಉಳಿಯಿತೆಂಬ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು. ಮಂತ್ರಿ ಏನಂದರು ಎಂದು ಕೇಳಿದರು. ಮಾವನವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು.

‘ಆ ಹಸರ ಸೀರೀ ನಾ ಭಾಳ ಚಲೋ ನೇದೀನಂತ’ ಅಂದರು.

ಅತ್ತೆ ಅಕ್ಕಿ ಬಿಟ್ಟು ಅತ್ತರು. ನನಗೆ ಅಳುವಷ್ಟು ತ್ರಾಣವೂ ಇರಲಿಲ್ಲ.