ಇಳಿಯದ ಪೊಟ್ಯಾಶಿಯಂ

ಕೋವಿಡ್‌ಗೆ ಮೂರು ವರ್ಷ ಮೊದಲಿನ ಮಾತು. ಆಗ ನಾನು ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಹಾರ ತಜ್ಞೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರು ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಹೇಳುವುದು ನನ್ನ ಕೆಲಸ. ನಿಪ್ಪಾಣಿ, ರಾಯಬಾಗ, ಕಾಗವಾಡಗಳಿಂದ ಬೆಳಗಿನ ಬಸ್ಸಿಗೆ ಬಂದವರು ನನ್ನ ಕೋಣೆಯ ಮುಂದಿನ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಆ ಶೇಂಗಾ ಚಟ್ನಿಯ ವಾಸನೆ ನೆನೆದರೆ ಈಗಲೂ ಹಸಿವಾಗುತ್ತದೆ.

ಅಥಣಿ ಕಡೆಯ ಅಪ್ಪಾಸಾಹೇಬರು ಬಂದದ್ದು ಆ ಬೇಸಿಗೆಯಲ್ಲಿ. ಅರವತ್ತು ದಾಟಿದ ದ್ರಾಕ್ಷಿ ಬೆಳೆಗಾರ, ಎತ್ತರದ ಆಳು, ತಲೆಯ ಮೇಲೆ ಬಿಳಿ ಟೋಪಿ. ತೋಟದ ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುವುದು ಮನೆತನದ ಉದ್ಯೋಗ. ಓಡಾಡುತ್ತ ಒಂದೊಂದು ಮುಷ್ಟಿ ಬಾಯಿಗೆ ಹಾಕಿಕೊಳ್ಳುವುದು ಎಳವೆಯ ರೂಢಿ. ಅವರ ರಕ್ತದಲ್ಲಿ ಪೊಟ್ಯಾಶಿಯಂ ಆರು ದಾಟಿತ್ತು; ಅದು ಐದರ ಆಸುಪಾಸಿನಲ್ಲಿ ಇರಬೇಕು. ಈ ಖನಿಜ ದೇಹಕ್ಕೆ ಬೇಕೇ ಬೇಕು. ಆದರೆ ಹೆಚ್ಚಾದದ್ದನ್ನು ಹೊರಹಾಕುವ ಶಕ್ತಿ ಸೋತ ಮೂತ್ರಪಿಂಡಕ್ಕೆ ಇರುವುದಿಲ್ಲ. ಏರುತ್ತ ಹೋದರೆ ಹೃದಯ ಇದ್ದಕ್ಕಿದ್ದಂತೆ ನಿಂತುಬಿಡಬಹುದು. ಒಣದ್ರಾಕ್ಷಿಯಲ್ಲಿ ಅದು ಬಹಳ. ಬಿಡಲು ಹೇಳಿದೆವು.

ಮುಂದಿನ ತಿಂಗಳು ಅವರು ಬಂದದ್ದು ಮಗನ ಹೆಗಲು ಹಿಡಿದು. ಕಾಲಿನಲ್ಲಿ ತ್ರಾಣವಿರಲಿಲ್ಲ. ಪೊಟ್ಯಾಶಿಯಂ ಇನ್ನೂ ಏರಿತ್ತು, ಇಸಿಜಿ ಕೆಟ್ಟಿತ್ತು. ಡಾಕ್ಟರು ದಾಖಲಿಸಿಕೊಂಡು ಇಂಜೆಕ್ಷನ್ ಕೊಟ್ಟು ಇಳಿಸಿದರು. ಮಗ ಮಹಾವೀರ ವಾರ್ಡಿನಲ್ಲೇ ಸಿಡಿದ.

"ಅಪ್ಪಾ, ಕದ್ದು ತಿನ್ನಾಕತ್ತೀಯೇನು? ಖರೇ ಹೇಳು."

"ಒಂದ್ ಒಣದ್ರಾಕ್ಷಿ ಸುದ್ದಾ ಮುಟ್ಟಿಲ್ಲೋ."

ಮಗ ನಂಬಲಿಲ್ಲ. ಡಾಕ್ಟರೂ ನಂಬದೆ ಮುಂದಿನ ಹಾಸಿಗೆಗೆ ಹೋದರು. ಹೆಂಡತಿ ಪದ್ಮಾವತಿ ಸೆರಗು ಬಾಯಿಗಿಟ್ಟು ನಿಂತಿದ್ದರು. ಅಪ್ಪಾಸಾಹೇಬರು ಗೋಡೆಯತ್ತ ಹೊರಳಿದರು. ಅಂದು ನಾನು ಕಳಿಸಿದ ಊಟದ ತಾಟು ಹಾಗೇ ವಾಪಸು ಬಂತು.

ನನಗೇಕೋ ಅವರ ಮಾತು ಸುಳ್ಳೆನಿಸಲಿಲ್ಲ. ಅವರು ಮನೆಗೆ ಹೋದ ಮೇಲೆ ಒಂದು ಭಾನುವಾರ ನಾನೇ ಅಥಣಿ ಬಸ್ಸು ಹತ್ತಿದೆ. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ. ದಿನಾ ಮಾಡುವಂತೆಯೇ ಅಡುಗೆ ಮಾಡಿ ಎಂದು ಪದ್ಮಾವತಿಯವರಿಗೆ ಹೇಳಿ ಪಕ್ಕದಲ್ಲಿ ಕುಳಿತೆ. ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಬೇಳೆ. ಯಾವುದರಲ್ಲೂ ತಪ್ಪು ಕಾಣಲಿಲ್ಲ. ಗಂಡನ ಪಾಲಿನ ಪಲ್ಯವನ್ನು ಬೇರೆ ತೆಗೆದು, ಕಪಾಟಿನಿಂದ ಒಂದು ಪೊಟ್ಟಣ ಇಳಿಸಿ ಅದಕ್ಕೆ ಉದುರಿಸಿದರು.

"ಇದೇನು?" ಎಂದೆ.

"ಅವ್ರ ಉಪ್ಪರಿ. ಡಾಕ್ಟರು ಉಪ್ಪ ಕಡಿಮಿ ಮಾಡ್ರಿ ಅಂದಿದ್ರಲ್ಲ, ಮಿರಜದಿಂದ ತರಸೇನ್ರಿ. ಭಾಳ ಚಲೋದಂತ. ಸಪ್ಪಗ ಅನಸ್ತೈತಿ, ಅದಕ್ಕ ಇನ್ನೊಂದೀಟು ಜಾಸ್ತಿನ ಹಾಕತೇನ್ರಿ."

ಪೊಟ್ಟಣ ತಿರುಗಿಸಿ ಓದಿದೆ. ಸೋಡಿಯಂ ಕಡಿಮೆ ಮಾಡಿದ ಉಪ್ಪು. ತೆಗೆದ ಸೋಡಿಯಂ ಜಾಗದಲ್ಲಿ ಪೊಟ್ಯಾಶಿಯಂ ಕ್ಲೋರೈಡ್! ಮೂತ್ರಪಿಂಡ ಗಟ್ಟಿಯಿರುವವರಿಗೆ ಅದರಿಂದ ಅನುಕೂಲವೇ. ಅಪ್ಪಾಸಾಹೇಬರಿಗೆ ಮಾತ್ರ ವಿಷ.

ವಿಷಯ ತಿಳಿಸಿದಾಗ ಪದ್ಮಾವತಿ ಅಳತೊಡಗಿದರು. "ಹಂಗಾರ ನನ್ನ ಕೈಯಾರೆ ಹಾಕೇನೇನ್ರಿ?"

ಪಡಸಾಲೆಯಲ್ಲಿ ಮಲಗಿದ್ದ ಅಪ್ಪಾಸಾಹೇಬರು ಗೋಡೆ ಹಿಡಿದು ಬಂದರು. "ಅಳಬ್ಯಾಡ. ನನ್ನ ಉಳಸಾಕಂತನ ಹಾಕೀದಿ." ಆಮೇಲೆ ಅಳು ಕೇಳಿ ಬಾಗಿಲಿಗೆ ಬಂದಿದ್ದ ಮಗನ ಕಡೆ ನೋಡಿದರು. "ಈಗರೆ ನಂಬತೀಯೇನೋ?"

ಮಹಾವೀರ ಒಳಗೆ ಬಂದ. ಕುರ್ಚಿ ತಂದಿಟ್ಟು, ತಂದೆಯ ತೋಳು ಹಿಡಿದು ಕೂರಿಸಿದ. ಹಿಡಿದ ಕೈ ಬಹಳ ಹೊತ್ತು ಬಿಡಲಿಲ್ಲ.

ಹೆದರಿದ ಪದ್ಮಾವತಿ ಇನ್ನು ಬರೀ ಗಂಜಿ ಕೊಡುತ್ತೇನೆ ಎಂದರು. ಬೇಡ ಎಂದೆ. ತಾಟು ಬರಿದಾದರೂ ಆಯುಷ್ಯ ಕಡಿಮೆಯಾಗುತ್ತದೆ. ತರಕಾರಿ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಪೊಟ್ಯಾಶಿಯಂ ಇಳಿದ ಆ ನೀರು ಚೆಲ್ಲಿ ಪಲ್ಯ ಮಾಡುವುದನ್ನು ಅಲ್ಲೇ ಮಾಡಿ ತೋರಿಸಿದೆ. ಮಾಮೂಲಿ ಉಪ್ಪೇ ಇರಲಿ, ಚಿಟಿಕೆಯಷ್ಟು.

ಮುಂದಿನ ಪರೀಕ್ಷೆಯಲ್ಲಿ ಪೊಟ್ಯಾಶಿಯಂ ಐದಕ್ಕೆ ಬಂತು. ಅಪ್ಪಾಸಾಹೇಬರು ಕೋವಿಡ್ ದಾಟಿದರು, ಮೊಮ್ಮಗಳನ್ನು ಎತ್ತಿ ಆಡಿಸಿದರು. ಕೊನೆಗೆ ಡಯಾಲಿಸಿಸ್ ತಪ್ಪಲಿಲ್ಲ. ಹೋದ ವರ್ಷ ತೀರಿಕೊಂಡರು. ಆ ಹೊತ್ತಿಗೆ ನಾನೂ ನಿವೃತ್ತಳಾಗಿದ್ದೆ. ಮಾತಾಡಿಸಲು ಹೋದಾಗ ಪದ್ಮಾವತಿ ನನಗೆ ಉಣಬಡಿಸದೆ ಬಿಡಲಿಲ್ಲ.

ಪಥ್ಯ ಮೀರಿದಿರಿ ಎಂದು ರೋಗಿಯನ್ನು ಗದರಿಸುವ ಮೊದಲು, ಅವರಿಗೆ ಯಾರು, ಎಂಥ ಕಾಳಜಿಯಿಂದ, ಏನು ಬಡಿಸುತ್ತಿದ್ದಾರೆ ಎಂದು ವಿಚಾರಿಸಬೇಕು. ಆ ಅಡುಗೆಮನೆಯಿಂದ ಬಂದ ಮೇಲೆ ನಾನು ಕೆಲಸ ಮಾಡಿದ್ದು ಹಾಗೆ.